ಸಿದ್ಧ ಮಾದರಿ ವಿಮಾನಗಳ ಬಲಾಬಲ

ರೇಡಿಯೋ ತರಂಗಗಳ ಆಜ್ಞೆಗೆ ಒಳಪಟ್ಟು ಹಾರತಕ್ಕ ಮಾದರಿ ವಿಮಾನವೊಂದು ಎತ್ತರಕ್ಕೇರಿ, ಅಲ್ಲಿಂದ ನೆಲದ ಕಡೆಗೆ ಧುಮುಕಿ, ಕೆಳಮಟ್ಟಕ್ಕೆ ಬಂದಮೇಲೆ ಮೂಗನ್ನು ಮೇಲೆತ್ತಿಕೊಳ್ಳುವ ಕ್ಷಣದಲ್ಲಿ, ಅದರ ರೆಕ್ಕೆಗಳೆರಡೂ ಮೇಲಕ್ಕೆ ಮಡಿಚಿಕೊಂಡು ಒಡಲು ನೆಲಕ್ಕಪ್ಪಳಿಸುವುದನ್ನು ಈ ಹವ್ಯಾಸದಲ್ಲಿ ತೊಡಗಿರುವವರು ಆಗಾಗ ಕಾಣುತ್ತಾರೆ. ನೋಡಿದವರು ಸಾಮಾನ್ಯವಾಗಿ ದೂರುವುದು ಮರವನ್ನು: ಅದು ತೀರ ಹಗುರವಾದದ್ದು, ತೀರ ತೆಳುವಾದದ್ದು, ಆದುದರಿಂದ ಮುರಿಯಿತು ಎಂದು. ಆದರೆ ಚದುರಿದ ಚೂರುಗಳನ್ನು ಆಯ್ದು ತಂದು, ಒಂದರ ಪಕ್ಕದಲ್ಲೊಂದನ್ನಿಟ್ಟು ತಾಳ್ಮೆಯಿಂದ ಪರೀಕ್ಷಿಸಿದರೆ, ಮರದ ತುಂಡುಗಳು ಕೊಯ್ದಾಗ ಇದ್ದಂತೆಯೇ ನುಣುಪಾದ ಅಂಚುಗಳೊಡನೆ ಬೇರೆಬೇರೆಯಾಗಿ ಬಿದ್ದಿರುವುದೂ, ಅವುಗಳ ಮೇಲೆ ಅಂಟು ಹತ್ತಿದ ಗುರುತು ಅಲ್ಲಲ್ಲಿ ಮಾತ್ರ ಉಳಿದಿರುವುದೂ ಅನೇಕ ವೇಳೆ ಕಂಡುಬರುತ್ತದೆ. ಮುರಿಯುವ ಮೊದಲೇ ಮರ ತನ್ನ ನೆರೆಯ ಮರದಿಂದ ಕಳಚಿಕೊಂಡಿರುತ್ತದೆ.

ವಸ್ತುವಿನ ಬಲ ಒಂದು, ಆ ವಸ್ತುವಿನಿಂದ ಕಟ್ಟಿದ ರಚನೆಯ ಬಲ ಇನ್ನೊಂದು. ಹಾರಿಸುವವನೇ ಕಟ್ಟುವವನೂ ಆಗಿದ್ದ ಕಾಲದಲ್ಲಿ ಈ ಭೇದ ಅವನ ಬೆರಳುಗಳಿಗೆ ತಿಳಿದಿತ್ತು. ಕಾರ್ಖಾನೆಯಲ್ಲಿ ಕಟ್ಟಿ, ಬಣ್ಣದ ಹಾಳೆ ಹೊದಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವ ಸಿದ್ಧ ವಿಮಾನ ಬಂದಮೇಲೆ ಆ ತಿಳಿವಳಿಕೆ ಹಾಳೆಯ ಕೆಳಗೆ ಮರೆಯಾಯಿತು. ಅದು ಮರೆಯಾದ ಬಗೆಯನ್ನೂ, ಮತ್ತೆ ಕೈಗೆ ಬರಬಹುದಾದ ಬಗೆಯನ್ನೂ ಈ ಲೇಖನದಲ್ಲಿ ನಿರೂಪಿಸಲು ಯತ್ನಿಸಿದೆ.

ಮಾದರಿ ವಿಮಾನವು ಮನುಷ್ಯನನ್ನು ಹೊತ್ತ ವಿಮಾನಕ್ಕಿಂತ ವಯಸ್ಸಿನಲ್ಲಿ ಹಿರಿದು. ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ 1804ರಲ್ಲಿ ಒಂದು ಕೋಲಿಗೆ ಗಾಳಿಪಟವನ್ನು ರೆಕ್ಕೆಯಾಗಿ ಕಟ್ಟಿ, ಹಿಂದೆ ಶಿಲುಬೆಯಾಕಾರದ ಬಾಲವನ್ನು ಜೋಡಿಸಿ ಗಾಳಿಯಲ್ಲಿ ತೇಲಿಸಿದನು. ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ, ತಿರುಚಿದ ರಬ್ಬರಿನ ಬಲದಿಂದ ಪ್ರೊಪೆಲರ್ ತಿರುಗುವ ಪುಟ್ಟ ಯಂತ್ರವೊಂದನ್ನು ಪ್ಯಾರಿಸ್ಸಿನ ತ್ವಿಲೆರಿ ಉದ್ಯಾನದಲ್ಲಿ ಹಾರಿಸಿ ತೋರಿಸಿದನು. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ, ಉಗಿಯಂತ್ರವನ್ನು ಹೊತ್ತ, ಸುಮಾರು 4 ಮೀಟರು ರೆಕ್ಕೆಯಗಲದ ಮಾದರಿಯನ್ನು 1896ರ ಮೇ 6ರಂದು ಪೊಟೋಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರು ದೂರ ಹಾರಿಸಿದನು. ಇಷ್ಟು ಯಶಸ್ಸನ್ನು ಕಂಡ ಲ್ಯಾಂಗ್ಲಿಯೇ ಮುಂದೆ ಅದೇ ರೂಪವನ್ನು ಹಿಗ್ಗಿಸಿ, ಮನುಷ್ಯನು ಕುಳಿತು ನಡೆಸುವ ಯಂತ್ರವನ್ನು ನಿರ್ಮಿಸಿ, 1903ರ ಅಕ್ಟೋಬರ್ 7ರಂದೂ ಡಿಸೆಂಬರ್ 8ರಂದೂ ದೋಣಿಮನೆಯ ಮೇಲಿನಿಂದ ಚಿಮ್ಮಿಸಿದಾಗ, ಎರಡು ಸಲವೂ ಅದು ನೀರಿಗೆ ಬಿದ್ದಿತು; ಎರಡನೆಯ ಸಲವಂತೂ ಹಿಂಬದಿಯ ರೆಕ್ಕೆಗಳೂ ಬಾಲವೂ ಹೊರಟ ಕ್ಷಣದಲ್ಲಿಯೇ ಕುಸಿದವು.

ಈ ವೈಫಲ್ಯದ ಹಿಂದಿದ್ದ ನಿಯಮವನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ತನ್ನ ಕೊನೆಯ ಮಹಾಗ್ರಂಥದಲ್ಲಿ ವಿವರಿಸಿದ್ದನು. ಒಂದು ರಚನೆಯ ಎಲ್ಲ ಅಳತೆಗಳನ್ನೂ 4 ಪಟ್ಟು ಹೆಚ್ಚಿಸಿದರೆ, ಅದರ ತೊಲೆಗಳ ಅಡ್ಡಕೊಯ್ತದ ವಿಸ್ತಾರ 16 ಪಟ್ಟು ಹೆಚ್ಚುತ್ತದೆ, ಭಾರವಾದರೋ 64 ಪಟ್ಟು ಹೆಚ್ಚುತ್ತದೆ. ಭಾರವನ್ನು ಹೊರತಕ್ಕ ಬಲವು ಭಾರದ ಬೆಳವಣಿಗೆಯನ್ನು ಹಿಂಬಾಲಿಸಲಾರದೆ ಹಿಂದೆ ಬೀಳುತ್ತದೆ. ಇದನ್ನೇ ತಿರುಗಿಸಿ ಓದಿದರೆ, ಚಿಕ್ಕ ವಸ್ತುವು ತನ್ನ ಭಾರದ ಪ್ರಮಾಣದಲ್ಲಿ ದೊಡ್ಡದಕ್ಕಿಂತ ಬಲಿಷ್ಠವಾದದ್ದು ಎಂದಾಗುತ್ತದೆ. ಪ್ರಕೃತಿ ಮಾದರಿ ವಿಮಾನಕ್ಕಿತ್ತ ವರ ಇದು. ಅದರ ರೆಕ್ಕೆ ಮುರಿಯಿತೆಂದರೆ, ಹುಟ್ಟಿನಿಂದಲೇ ಬಂದ ಈ ಅನುಕೂಲವನ್ನು ಎಲ್ಲೋ ಯಾರೋ ವ್ಯರ್ಥಗೊಳಿಸಿದ್ದಾರೆಂದೇ ತಿಳಿಯಬೇಕು.

ಮೊದಮೊದಲು ಮಾದರಿಗಳನ್ನು ಸ್ಪ್ರೂಸ್ ಮರದಿಂದಲೂ ಬಿದಿರಿನ ಸೀಳುಗಳಿಂದಲೂ ಕಟ್ಟುತ್ತಿದ್ದರು. ಮೊದಲನೆಯ ಮಹಾಯುದ್ಧದ ತರುವಾಯ ಕ್ರಮೇಣ ಬಳಕೆಗೆ ಬಂದು, ಎರಡನೆಯದು ಪ್ರಾರಂಭವಾಗುವ ವೇಳೆಗೆ ಈ ಹವ್ಯಾಸವನ್ನೆಲ್ಲ ಆವರಿಸಿಕೊಂಡದ್ದು ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಬಿಸಿಯೂ ತೇವವೂ ಕೂಡಿದ ನೆಲದಲ್ಲಿ ಬಹುಬೇಗ ಬೆಳೆದು, ಆರೆಂಟು ವರ್ಷಗಳಲ್ಲಿಯೇ ಕಡಿಯಲು ಸಿದ್ಧವಾಗುವ ಈ ಮರದ ಒಂದು ಘನ ಮೀಟರಿನ ತೂಕ, ಮಾದರಿಗಳಿಗೆ ಬಳಸುವ ದರ್ಜೆಗಳಲ್ಲಿ, ಸಾಮಾನ್ಯವಾಗಿ 100ರಿಂದ 200 ಕಿಲೋಗ್ರಾಂ; ನಮ್ಮ ತೇಗವಾದರೆ ಅಷ್ಟೇ ಗಾತ್ರಕ್ಕೆ ಸುಮಾರು 650 ಕಿಲೋಗ್ರಾಂ ತೂಗುತ್ತದೆ. ಆದರೆ ಬಾಲ್ಸಾ ಎಂದ ಮಾತ್ರಕ್ಕೆ ಎಲ್ಲ ಹಲಗೆಯೂ ಒಂದೇ ಅಲ್ಲ. ಒಂದೇ ದಿಮ್ಮಿಯಿಂದ ಬಂದ ಎರಡು ಹಲಗೆಗಳಲ್ಲಿ, ಬೆಳವಣಿಗೆಯ ಬಳೆಗಳಿಗೆ ಸಮಾನಾಂತರವಾಗಿ ಕೊಯ್ದದ್ದು ಸುಲಭವಾಗಿ ಬಾಗಿ ಒಡಲಿನ ದುಂಡನ್ನು ಅಪ್ಪಿಕೊಳ್ಳುತ್ತದೆ. ಕೇಂದ್ರದಿಂದ ಹೊರಮುಖವಾಗಿ ಕೊಯ್ದದ್ದು ಬಿಗಿಯಾಗಿ ನಿಂತು, ಬಾಗಿಸಹೋದರೆ ಸೀಳುತ್ತದೆ. ಮೊದಲನೆಯದನ್ನು ಹೊದಿಕೆಗೂ ಎರಡನೆಯದನ್ನು ರೆಕ್ಕೆಗೆ ಆಕಾರ ಕೊಡುವ ರಿಬ್ಬುಗಳೆಂಬ ಅಡ್ಡಪಟ್ಟಿಗಳಿಗೂ ಆರಿಸುವುದು, ಹಲಗೆಯನ್ನು ಬೆಳಕಿಗೆ ಹಿಡಿದು ಅದರ ಎಳೆಯನ್ನು ಓದುವುದು, ಅಂಗೈಯಲ್ಲಿ ತೂಗಿ ಅದರ ಸಾಂದ್ರತೆಯನ್ನು ಅಂದಾಜು ಮಾಡುವುದು, ಇವು ಅಂದಿನ ಕಟ್ಟುಗನ ಪ್ರಥಮ ಪಾಠಗಳಾಗಿದ್ದವು.

ಇಂಥ ಕಟ್ಟುಗರ ಪರಂಪರೆಯಲ್ಲಿಯೇ ರೇಡಿಯೋ ನಿಯಂತ್ರಣ ಹುಟ್ಟಿತು. ಅಮೆರಿಕದ ಮಿಷಿಗನ್ ಪ್ರಾಂತ್ಯದ ಕಲಮಜೂ ಊರಿನ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬುವರು 1937ರಲ್ಲಿ, 8 ಅಡಿ ರೆಕ್ಕೆಯಗಲದ ತಮ್ಮ ‘ಗಫ್’ ವಿಮಾನವನ್ನು ರೇಡಿಯೋ ಸಂಕೇತಗಳಿಂದ ನಡೆಸಿದರು. ಆ ವಿಮಾನ ಇಂದು ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ವಿಮಾನ, ರೇಡಿಯೋ ಎಲ್ಲವೂ ಸ್ವಹಸ್ತದ ಕೆಲಸ. ವೇಗ ಕಡಮೆ, ನಿಯಂತ್ರಣ ಅತ್ಯಲ್ಪ. ಆ ಕಾಲದ ಬಹುಪಾಲು ವಿಮಾನಗಳಲ್ಲಿ ಬಾಲದ ಚುಕ್ಕಾಣಿಯೊಂದೇ ಆಜ್ಞೆಗೆ ಒಳಪಟ್ಟಿರುತ್ತಿತ್ತಾದುದರಿಂದ, ತೀವ್ರವಾಗಿ ಧುಮುಕುವ, ಥಟ್ಟನೆ ಮೇಲೇಳುವ ಸಾಹಸಗಳಿಗೆ ಅವಕಾಶವಿರಲಿಲ್ಲ. 1960ರ ದಶಕದಲ್ಲಿ, ಕೈಯಲ್ಲಿನ ಕೋಲನ್ನು ಎಷ್ಟು ಸರಿಸಿದರೆ ಅಷ್ಟೇ ಪ್ರಮಾಣದಲ್ಲಿ ಚುಕ್ಕಾಣಿ ಸರಿಯುವ ನಿಯಂತ್ರಣಯಂತ್ರಗಳು ಪ್ರಚಾರಕ್ಕೆ ಬಂದಮೇಲೆ ಮಾದರಿ ವಿಮಾನವೂ ಯುದ್ಧವಿಮಾನದಂತೆಯೇ ಲಾಗ ಹಾಕತೊಡಗಿತು. ರೆಕ್ಕೆಯ ಮೇಲೆ ಬೀಳುವ ಭಾರದ ಕಥೆಯೇ ಅಲ್ಲಿಂದ ಮುಂದೆ ಬೇರೆಯಾಯಿತು.

ಆ ಭಾರವೆಷ್ಟೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. 3 ಕಿಲೋಗ್ರಾಂ ತೂಕದ ವಿಮಾನವೊಂದು ಸೆಕೆಂಡಿಗೆ 20 ಮೀಟರು ವೇಗದಲ್ಲಿ, ಎಂದರೆ ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಧುಮುಕಿ, 10 ಮೀಟರು ತ್ರಿಜ್ಯದ ವೃತ್ತದಲ್ಲಿ ಮೇಲಕ್ಕೆ ತಿರುಗುವುದೆಂದು ಭಾವಿಸೋಣ. ತಿರುವಿನ ತಳದಲ್ಲಿ ಅದರ ರೆಕ್ಕೆಗಳು ಹೊರಬೇಕಾದದ್ದು ವಿಮಾನದ ತೂಕದ ಸುಮಾರು 5 ಪಟ್ಟು, ಎಂದರೆ 15 ಕಿಲೋಗ್ರಾಂ. ಅದೇ ತಿರುವನ್ನು ಸೆಕೆಂಡಿಗೆ 30 ಮೀಟರು ವೇಗದಲ್ಲಿ ತೆಗೆದುಕೊಂಡರೆ ಭಾರ 10 ಪಟ್ಟಾಗಿ, ರೆಕ್ಕೆಗಳು 30 ಕಿಲೋಗ್ರಾಂ ಹೊರಬೇಕಾಗುತ್ತದೆ. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು ಮಾತ್ರ. ಭಾರ ಹೆಚ್ಚಿದ್ದು ಎರಡು ಪಟ್ಟು.

ಈ ಭಾರವನ್ನೆಲ್ಲ ಹೊರತಕ್ಕದ್ದು ರೆಕ್ಕೆಯ ಉದ್ದಕ್ಕೂ ಹರಿಯುವ ಸ್ಪಾರ್ ಎಂಬ ತೊಲೆ. ರೆಕ್ಕೆ ಮೇಲಕ್ಕೆ ಬಾಗಿದಾಗ ಸ್ಪಾರಿನ ಮೇಲಿನ ಪಟ್ಟಿ ಒತ್ತಡಕ್ಕೂ ಕೆಳಗಿನ ಪಟ್ಟಿ ಎಳೆತಕ್ಕೂ ಈಡಾಗುತ್ತವೆ. ಮರವು ಎಳೆಯ ದಿಕ್ಕಿನಲ್ಲಿ ಎಳೆತವನ್ನು ತಾಳುವಷ್ಟು ಒತ್ತಡವನ್ನು ತಾಳಲಾರದಾದ್ದರಿಂದ ಮೊದಲು ಸೋಲುವುದು ಮೇಲಿನ ಪಟ್ಟಿ; ಅದು ಪಕ್ಕಕ್ಕೆ ಡೊಂಕಾಗಿ ಕುಸಿದರೆ ಮಿಕ್ಕದ್ದೆಲ್ಲ ನಿಮಿಷಾರ್ಧದೊಳಗೆ ಹಿಂಬಾಲಿಸುತ್ತದೆ. ಈ ಎರಡು ಪಟ್ಟಿಗಳನ್ನು ಪರಸ್ಪರ ಸರಿಯದಂತೆ, ಡೊಂಕಾಗದಂತೆ ಹಿಡಿದಿಡುವುದು ಅವುಗಳ ನಡುವೆ ಎಳೆ ನೆಟ್ಟಗೆ ನಿಲ್ಲುವಂತೆ ಅಂಟಿಸಿದ ತೆಳ್ಳನೆಯ ಬಾಲ್ಸಾ ಗೋಡೆ. ಹವ್ಯಾಸಿಗಳು ಅದನ್ನು ಶಿಯರ್ ವೆಬ್ ಎನ್ನುತ್ತಾರೆ. ತೂಕದಲ್ಲಿ ಕೆಲವೇ ಗ್ರಾಂ ಆದ ಈ ಗೋಡೆಯನ್ನು ಬಿಟ್ಟರೆ, ಪಟ್ಟಿಗಳು ಎಷ್ಟೇ ಗಟ್ಟಿಯಾಗಿದ್ದರೂ ಒಂದು ತೊಲೆಯಾಗಿ ವರ್ತಿಸದೆ, ಬೇರೆಬೇರೆ ಎರಡು ಕಡ್ಡಿಗಳಾಗಿ ವರ್ತಿಸುತ್ತವೆ. ಭಾರದ ಬಾಗುಬಲ ಅತ್ಯಧಿಕವಾಗಿರುವುದು ರೆಕ್ಕೆಯ ಬುಡದಲ್ಲಿಯಾದರೂ, ರೆಕ್ಕೆ ಎಷ್ಟೋ ವೇಳೆ ಮುರಿಯುವುದು ಬುಡದಿಂದ ತುಸು ಹೊರಗೆ, ಎರಡು ಅರ್ಧಗಳನ್ನು ಜೋಡಿಸುವ ಪ್ಲೈವುಡ್ ತುಂಡೋ ಅಲ್ಯೂಮಿನಿಯಂ ಕೊಳವೆಯೋ ಮುಗಿಯುವ ಸ್ಥಾನದಲ್ಲಿ. ಬಿಗಿಯಾದ ಭಾಗ ಥಟ್ಟನೆ ಮುಗಿದು ಮೃದುವಾದ ಭಾಗ ಆರಂಭವಾಗುವೆಡೆಯಲ್ಲಿ ಒತ್ತಡವೆಲ್ಲ ಒಂದೇ ರೇಖೆಯಲ್ಲಿ ಬಂದು ಸಂಧಿಸುವುದೇ ಇದಕ್ಕೆ ಕಾರಣ. ಹಳೆಯ ಕಟ್ಟುಗರು ಇದನ್ನರಿತು ಆ ತುಂಡಿನ ತುದಿಗಳನ್ನು ಓರೆಯಾಗಿ ಇಳಿಸುತ್ತಿದ್ದರು.

ಇಷ್ಟೂ ಲೆಕ್ಕ ನಿಜವಾಗುವುದು ಅಂಟು ಹಿಡಿದಿರುವ ತನಕ. ಮನುಷ್ಯನನ್ನು ಹೊತ್ತ ಮರದ ವಿಮಾನಗಳ ಚರಿತ್ರೆ ಈ ಮಾತಿಗೆ ಕಠೋರವಾದ ಸಾಕ್ಷ್ಯವನ್ನು ಒದಗಿಸುತ್ತದೆ. 1917ರ ಅಕ್ಟೋಬರ್ ಕೊನೆಯಲ್ಲಿ, ಜರ್ಮನಿಯ ಪ್ರಸಿದ್ಧವಾದ ಫೋಕರ್ ಮೂರು ರೆಕ್ಕೆಯ ವಿಮಾನಗಳೆರಡು ಅನುಕ್ರಮವಾಗಿ ಮೇಲಿನ ರೆಕ್ಕೆ ಕಳಚಿ ಬಿದ್ದಾಗ, ಆ ಜಾತಿಯ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿ ಪರೀಕ್ಷಿಸಲಾಯಿತು. ತೇವ ನುಗ್ಗಿ ಸಡಿಲಗೊಂಡ ಅಂಟೂ ಕೆಳದರ್ಜೆಯ ಕೆಲಸಗಾರಿಕೆಯೂ ಬೆಳಕಿಗೆ ಬಂದವು. 1918ರ ಆಗಸ್ಟಿನಲ್ಲಿ ಅದೇ ಸಂಸ್ಥೆಯ ಹೊಸ ಒಂಟಿರೆಕ್ಕೆಯ ವಿಮಾನಕ್ಕೂ ಇದೇ ಗತಿಯಾಯಿತು. ಅದರ ರೆಕ್ಕೆಗಳನ್ನು ಕಟ್ಟಿದ್ದು ಪಿಯಾನೋ ತಯಾರಿಸುತ್ತಿದ್ದ ಒಂದು ಕಾರ್ಖಾನೆಯಲ್ಲಿ. ನಕ್ಷೆಯಲ್ಲಿ ದೋಷ ಕಾಣದ ರೆಕ್ಕೆ, ಹಾರಾಟದ ಒತ್ತಡವನ್ನರಿಯದ ಕೈಗಳಲ್ಲಿ ದುರ್ಬಲವಾಯಿತು. 1931ರ ಮಾರ್ಚ್ 31ರಂದು ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದಲ್ಲಿ ಫೋಕರ್ ಪ್ರಯಾಣಿಕ ವಿಮಾನವೊಂದರ ಮರದ ರೆಕ್ಕೆ ಆಕಾಶದಲ್ಲಿಯೇ ಕಳಚಿ, ಫುಟ್‌ಬಾಲ್ ಶಿಕ್ಷಕ ನ್ಯೂಟ್ ರಾಕ್ನೆಯೂ ಸೇರಿ ಎಂಟು ಮಂದಿ ಮೃತರಾದರು. ರೆಕ್ಕೆಯೊಳಗೆ ತೇವ ಸೇರಿ ಅಂಟು ಶಿಥಿಲವಾಗಿತ್ತೆಂದು ನಿರ್ಣಯವಾಯಿತು. ಆದರೆ ಆ ಸಂಧಿಗಳನ್ನು ಹೊದಿಕೆಯನ್ನು ಬಿಚ್ಚದೆ ನೋಡುವುದು ಸಾಧ್ಯವೇ ಇರಲಿಲ್ಲ. ಪ್ರಯಾಣಿಕ ವಿಮಾನಗಳು ಮರವನ್ನು ತೊರೆದು ಲೋಹಕ್ಕೆ ತಿರುಗುವುದನ್ನು ಈ ಒಂದು ಅಪಘಾತ ತ್ವರೆಗೊಳಿಸಿತು.

ಈ ಚರಿತ್ರೆಯ ಒಂದು ಅಧ್ಯಾಯ ನಮ್ಮ ನೆಲಕ್ಕೂ ಸೇರಿದ್ದು. ಬರ್ಚ್ ಮರದ ಪ್ಲೈವುಡ್ ಹಾಳೆಗಳೆರಡರ ನಡುವೆ ಬಾಲ್ಸಾವನ್ನಿಟ್ಟು ಅಂಟಿಸಿದ ಒಡಲುಳ್ಳ ಡಿ ಹ್ಯಾವಿಲೆಂಡ್ ಮಸ್ಕಿಟೋ ವಿಮಾನ 1940ರ ನವೆಂಬರ್ 25ರಂದು ಮೊದಲು ಹಾರಿ, ಎರಡನೆಯ ಮಹಾಯುದ್ಧದಲ್ಲಿ ಬಾಲ್ಸಾದ ಯೋಗ್ಯತೆಯನ್ನು ಲೋಕಕ್ಕೆಲ್ಲ ತೋರಿಸಿಕೊಟ್ಟಿತು. ಬರ್ಮಾ ರಣರಂಗಕ್ಕಾಗಿ 1944ರಲ್ಲಿ ಆ ವಿಮಾನಗಳು ಈ ದೇಶಕ್ಕೆ ಬಂದಾಗ, ಅವುಗಳ ವೈಮಾನಿಕರಿಗೆ ತರಬೇತಿ ನಡೆದ ಸ್ಥಳಗಳಲ್ಲಿ ನಮ್ಮ ಯಲಹಂಕದ ವಿಮಾನನೆಲೆಯೂ ಒಂದು. ಅದೇ ವರ್ಷ ಭಾರತದ ಆಕಾಶದಲ್ಲಿ ಕೆಲವು ಮಸ್ಕಿಟೋಗಳು ರೆಕ್ಕೆ ಮುರಿದು ಬೀಳಲಾಗಿ, ಉಳಿದವುಗಳನ್ನು ನೆಲದಲ್ಲಿ ನಿಲ್ಲಿಸಿ ತನಿಖೆ ನಡೆಸಿದರು. ನಮ್ಮ ಬಿಸಿಲನ್ನೂ ಮಳೆಯನ್ನೂ ಮಾತ್ರ ದೂರಿ ಸುಮ್ಮನಾಗುವುದು ಸುಲಭವಾಗಿತ್ತು. ಆದರೆ ಕಾರ್ಖಾನೆಯಲ್ಲಿಯೇ ಭಾಗಗಳು ಸರಿಯಾಗಿ ಒಂದನ್ನೊಂದು ಹೊಂದದೆ, ಅಂಟು ಪೂರ್ಣವಾಗಿ ಹಿಡಿಯದೆ ಉಳಿದಿದ್ದ ಸಂಧಿಗಳೂ ಅಲ್ಲಿ ಕಾಣಿಸಿದವು. ಹವೆ ಮಾಡಿದ್ದು ಆ ಮೊದಲಿನ ದೋಷವನ್ನು ಬಹಿರಂಗಪಡಿಸುವ ಕೆಲಸವನ್ನು. ರೆಕ್ಕೆಯ ಸಂದಿನ ಮೇಲೆ ಪ್ಲೈವುಡ್ ಪಟ್ಟಿಯನ್ನು ಅಂಟಿಸಿ ನೀರು ನುಗ್ಗದಂತೆ ಭದ್ರಪಡಿಸುವುದು ಪರಿಹಾರಗಳಲ್ಲೊಂದಾಯಿತು.

ಮಾದರಿಗಳ ಲೋಕದಲ್ಲಿ ಕಾರ್ಖಾನೆಯ ಪ್ರವೇಶವೂ ಆ ಯುದ್ಧದ ಕಾಲದಲ್ಲಿಯೇ ಆಯಿತೆನ್ನಬಹುದು. ಹಾಲಿವುಡ್ಡಿನ ನಟನೂ ಮಾದರಿ ವಿಮಾನಗಳ ಪ್ರೇಮಿಯೂ ಆಗಿದ್ದ ರೆಜಿನಾಲ್ಡ್ ಡೆನ್ನಿ ಸ್ಥಾಪಿಸಿದ ರೇಡಿಯೋಪ್ಲೇನ್ ಸಂಸ್ಥೆ, ವಿಮಾನನಾಶಕ ಫಿರಂಗಿಗಳ ಅಭ್ಯಾಸಕ್ಕೆ ಗುರಿಯಾಗಬೇಕಾದ ರೇಡಿಯೋ ನಿಯಂತ್ರಿತ ವಿಮಾನಗಳನ್ನು ಯುದ್ಧದ ಅವಧಿಯಲ್ಲಿ ಸುಮಾರು 15,000ದಷ್ಟು ತಯಾರಿಸಿತು. 1950ರ ದಶಕದಲ್ಲಿ ಕಾಕ್ಸ್ ಸಂಸ್ಥೆಯ ಪ್ಲಾಸ್ಟಿಕ್ ವಿಮಾನಗಳು ಪೆಟ್ಟಿಗೆ ತೆರೆದೊಡನೆ ಹಾರಿಸಲು ಸಿದ್ಧವಾಗಿ ಅಂಗಡಿಗೆ ಬಂದವು. ಅವು ರೇಡಿಯೋ ಇಲ್ಲದೆ, ಕೈಯಲ್ಲಿ ಹಿಡಿದ ದಾರಗಳ ತುದಿಯಲ್ಲಿ ವೃತ್ತಾಕಾರವಾಗಿ ಸುತ್ತುವಂಥವು. ಅವುಗಳಲ್ಲಿ ಪಿಟಿ-19 ಎಂಬ ಕಲಿಕೆಯ ವಿಮಾನದ ರೆಕ್ಕೆಯೇ ಮೊದಲಾದ ಭಾಗಗಳನ್ನು ರಬ್ಬರ್ ಬ್ಯಾಂಡುಗಳಿಂದ ಬಿಗಿದಿದ್ದರು. ಬಿದ್ದಾಗ ಭಾಗಗಳು ಮುರಿಯದೆ ಕಳಚಿಕೊಳ್ಳುತ್ತಿದ್ದವು, ಮತ್ತೆ ಬಿಗಿದರೆ ವಿಮಾನ ಸಿದ್ಧ. ಎಲ್ಲಿ ಸೋಲಬೇಕು, ಹೇಗೆ ಸೋಲಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿ ಕಟ್ಟಿದ ಆ ವಿವೇಕ ಸಿದ್ಧ ವಿಮಾನಗಳ ಚರಿತ್ರೆಯಲ್ಲಿ ಗೌರವದ ಸ್ಥಾನಕ್ಕೆ ಅರ್ಹವಾದದ್ದು.

ಬಾಲ್ಸಾದಿಂದ ಕಟ್ಟಿ, ಶಾಖಕ್ಕೆ ಅಂಟಿ ಬಿಗಿಯುವ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಎಂಜಿನ್ನನ್ನೂ ರೇಡಿಯೋವನ್ನೂ ಮಾತ್ರ ಕೂಡಿಸಿಕೊಂಡರೆ ಹಾರಬಲ್ಲ, ಎಆರ್‌ಎಫ್ ಎಂಬ ಮೂರಕ್ಷರಗಳಿಂದ ಪ್ರಸಿದ್ಧವಾದ ವಿಮಾನಗಳು 1990ರ ದಶಕದಿಂದೀಚೆಗೆ ತೈವಾನ್, ಚೀನಾ, ವಿಯೆಟ್ನಾಂ ದೇಶಗಳ ಕಾರ್ಖಾನೆಗಳಿಂದ ವಿಶೇಷವಾಗಿ ಹೊರಟು ಲೋಕವನ್ನೆಲ್ಲ ತುಂಬಿದವು. ಇವುಗಳಿಂದಾದ ಉಪಕಾರ ಅಲ್ಪವಲ್ಲ. ತಿಂಗಳುಗಟ್ಟಲೆ ಕುಳಿತು ಕಟ್ಟುವ ವಿರಾಮವಿಲ್ಲದವರಿಗೂ ಹಾರಿಸುವ ಆನಂದ ದೊರಕಿತು. ಲೇಸರ್ ಕಿರಣದಿಂದ ಕೊಯ್ದ ಭಾಗಗಳು ಕೈಗೆ ದುಸ್ಸಾಧ್ಯವಾದ ನಿಖರತೆಯಿಂದ ಒಂದರೊಳಗೊಂದು ಕುಳಿತವು. ಆದರೆ ನಿಖರತೆಯೇ ಕೆಲವೊಮ್ಮೆ ಅನರ್ಥಕ್ಕೂ ಕಾರಣವಾಯಿತು. ಭಾಗಗಳು ಅಂಟಿಲ್ಲದೆಯೇ ಬಿಗಿಯಾಗಿ ನಿಲ್ಲುವುದರಿಂದ, ಅಂಟು ತಲುಪದ ಸಂಧಿಯೂ ಪೆಟ್ಟಿಗೆಯಲ್ಲಿ ಭದ್ರವಾಗಿಯೇ ಕಾಣುತ್ತದೆ. ಅದರ ಮೇಲೆ ಹೊಳೆಯುವ ಹಾಳೆ ಬಿದ್ದಮೇಲೆ ಕೊಳ್ಳುವವನಿಗೆ ಕಾಣುವುದು ಬಣ್ಣ ಮಾತ್ರ. ಅಂಟು ಹೆಚ್ಚಾದರೆ ತೂಕ ಹೆಚ್ಚುತ್ತದೆ, ಕಾಲ ಹೆಚ್ಚುತ್ತದೆ, ಬೆಲೆಯೂ ಹೆಚ್ಚುತ್ತದೆ; ತೂಕವನ್ನಿಳಿಸಲು ಪ್ಲೈವುಡ್ಡಿನಲ್ಲಿ ಕೊರೆದ ರಂಧ್ರಗಳ ಚೂಪಾದ ಮೂಲೆಗಳೋ, ಬಿರುಕಿನ ಜನ್ಮಸ್ಥಾನಗಳಾಗುತ್ತವೆ.

ಸಿದ್ಧ ವಿಮಾನ ಸೋಲುವ ಸ್ಥಾನಗಳು ಹವ್ಯಾಸಿಗಳಿಗೆ ಪರಿಚಿತವಾದವೇ. ಎಂಜಿನ್ನನ್ನು ಹೊರುವ ಫೈರ್‌ವಾಲ್ ಎಂಬ ಪ್ಲೈವುಡ್ ಹಲಗೆ ಅವುಗಳಲ್ಲಿ ಮೊದಲನೆಯದು: ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿ ಸುತ್ತುವ ಒಂಟಿ ಸಿಲಿಂಡರಿನ ಎಂಜಿನ್ನಿನ ಕಂಪನವನ್ನೆಲ್ಲ ತಾಳುವ ಆ ಹಲಗೆ, ಅಂಚಿಗೆ ಅಂಚು ತಾಗಿಸಿ ಹಚ್ಚಿದ ಅಂಟಿನ ಒಂದು ಗೆರೆಯಿಂದಲೇ ಒಡಲಿಗೆ ಕೂಡಿಕೊಂಡಿದ್ದರೆ, ಇಂಧನದೊಡನೆ ಉಗುಳಿದ ಎಣ್ಣೆ ಮರಕ್ಕಿಳಿದು ಆ ಗೆರೆಯನ್ನೂ ಸಡಿಲಿಸಿದಾಗ, ಎಂಜಿನ್ ಸಮೇತ ಕಳಚಿ ಹೋಗುತ್ತದೆ. ಚಕ್ರಗಳ ತಂತಿಯನ್ನು ಹಿಡಿದಿರುವ ಮರದ ದಿಂಡು ಎರಡನೆಯದು. ಒರಟು ನೆಲದ ಮೇಲೆ ಇಳಿದಾಗ ಅದು ತನ್ನ ಸುತ್ತಣ ತೆಳು ಹಲಗೆಯನ್ನೂ ಕಿತ್ತುಕೊಂಡು ಬರುತ್ತದೆ. ರೆಕ್ಕೆ ಬಾಲಗಳ ಚಲಿಸುವ ಪಟ್ಟಿಗಳನ್ನು ಹಿಡಿದ ಹಿಂಜುಗಳು ಮೂರನೆಯದು. ಈ ಹಿಂಜುಗಳೂ ಪಟ್ಟಿಗಳನ್ನು ಆಡಿಸುವ ಸರ್ವೋ ಎಂಬ ಪುಟ್ಟ ಮೋಟರಿನಿಂದ ಹೊರಟ ಕಡ್ಡಿಗಳೂ ಸಡಿಲವಾಗಿದ್ದು ವೇಗ ಮಿತಿಮೀರಿದರೆ, ಪಟ್ಟಿ ತಾನಾಗಿ ಕಂಪಿಸತೊಡಗಿ, ಗಾಳಿಯಿಂದಲೇ ಶಕ್ತಿಯನ್ನು ಹೀರಿಕೊಂಡು, ಕ್ಷಣಮಾತ್ರದಲ್ಲಿ ಇಡೀ ಬಾಲವನ್ನು ಛಿದ್ರಗೊಳಿಸುತ್ತದೆ. ಫ್ಲಟರ್ ಎಂಬ ಈ ವಿನಾಶಕ ಕಂಪನವನ್ನು 1916ರಲ್ಲಿ ಹ್ಯಾಂಡ್ಲಿ ಪೇಜ್ ಬಾಂಬರ್ ವಿಮಾನದ ಬಾಲದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರನು ಪರಿಶೀಲಿಸಿ, ಎಡಬಲದ ಎಲಿವೇಟರ್ ಎಂಬ ಚಲಿಸುವ ಪಟ್ಟಿಗಳನ್ನು ಗಟ್ಟಿಯಾದ ಒಂದೇ ಕೊಳವೆಯಿಂದ ಕೂಡಿಸಬೇಕೆಂದು ಸೂಚಿಸಿದನು. ಆ ಸೂಚನೆ ಇಂದಿನ ಮಾದರಿಗಳಿಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮವರು ಥರ್ಮಾಕೋಲ್ ಎಂದು ಕರೆಯುವ ವಸ್ತುವಿನಿಂದಲೂ, ಅದಕ್ಕಿಂತ ಬಾಗಿ ಬಳುಕುವ ಇಪಿಪಿ ಮೊದಲಾದ ಫೋಮುಗಳಿಂದಲೂ ಅಚ್ಚೊತ್ತಿದ ವಿಮಾನಗಳು ಈ ಶತಮಾನದಲ್ಲಿ ಹೆಚ್ಚಿದಮೇಲೆ ಸಂಧಿಗಳ ಸಂಖ್ಯೆಯೇ ಕಡಮೆಯಾಯಿತು. ಬಿದ್ದರೂ ಅಷ್ಟಾಗಿ ಚೂರಾಗದ ಈ ವಿಮಾನಗಳು ಕಲಿಯುವವರಿಗೆ ಮಹೋಪಕಾರಿಗಳು. ಆದರೆ ಫೋಮಿಗೆ ತನ್ನದಾದ ಬಿಗಿತ ಕಡಮೆ. ರೆಕ್ಕೆಯ ಬಲವೆಲ್ಲ ಅದರೊಳಗೆ ಹುದುಗಿಸಿದ ಕಾರ್ಬನ್ ನಾರಿನ ಕೊಳವೆಯಲ್ಲಿರುತ್ತದೆ. ಆ ಕೊಳವೆ ಫೋಮಿಗೆ ಉದ್ದಕ್ಕೂ ಅಂಟಿಕೊಂಡಿರದಿದ್ದರೆ, ಅಥವಾ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ರೆಕ್ಕೆ ಶಾಖಕ್ಕೆ ತಿರುಚಿಕೊಂಡಿದ್ದರೆ, ಹೊರಗಿನಿಂದ ಸುಲಭವಾಗಿ ಗೊತ್ತಾಗುವುದಿಲ್ಲ. ಇದರ ಜತೆಗೆ, ಬ್ರಷ್‌ಲೆಸ್ ಮೋಟರೂ ಲಿಥಿಯಂ ಬ್ಯಾಟರಿಯೂ ಬಂದು, ಮಂದವಾಗಿ ಹಾರಲೆಂದು ಕಟ್ಟಿದ ವಿಮಾನಕ್ಕೂ ಅದರ ರಚನೆ ಕನಸಿನಲ್ಲಿಯೂ ಕಾಣದ ವೇಗವನ್ನು ತಂದುಕೊಟ್ಟಿವೆ. ಮೋಟರನ್ನು ದೊಡ್ಡದು ಮಾಡಿದವನು ಸ್ಪಾರನ್ನು ಬಲಪಡಿಸದೆ ಬಿಟ್ಟರೆ, ಹಿಂದೆ ಲೆಕ್ಕ ಹಾಕಿದ ಎರಡು ಪಟ್ಟಿನ ಭಾರ ತನ್ನ ಪಾಲನ್ನು ಕೇಳಿಯೇ ತೀರುತ್ತದೆ.

ಹಾಗಾದರೆ ಕೊಳ್ಳುವವನು ಮಾಡತಕ್ಕದ್ದೇನು? ಮನುಷ್ಯನನ್ನು ಹೊರುವ ವಿಮಾನಗಳ ನಿರ್ಮಾಪಕರು ಆದಿಕಾಲದಿಂದ ಅನುಸರಿಸಿದ ಪದ್ಧತಿ ಇಲ್ಲಿ ದಾರಿದೀಪ. ಅವರು ವಿಮಾನವನ್ನು ಅಂಗಾತ ಮಗುಚಿ, ರೆಕ್ಕೆಗಳ ಮೇಲೆ ಮರಳಿನ ಚೀಲಗಳನ್ನು ಹೇರಿ, ಹಾರುವ ಮೊದಲೇ ನೆಲದ ಮೇಲೆ ಬಲವನ್ನು ಪರೀಕ್ಷಿಸುತ್ತಿದ್ದರು. ಮಾದರಿಗೆ ಇನ್ನೂ ಸರಳವಾದ ಉಪಾಯವಿದೆ. ಸಿದ್ಧವಾದ ವಿಮಾನವನ್ನು ಇಬ್ಬರು ರೆಕ್ಕೆಯ ಎರಡು ತುದಿಗಳಲ್ಲಿ ಹಿಡಿದು ಮೆಲ್ಲನೆ ಎತ್ತಿದರೆ, ರೆಕ್ಕೆಯ ಬುಡಕ್ಕೆ ಬೀಳುವ ಬಾಗುಬಲ, ಹಾರಾಟದಲ್ಲಿ ವಿಮಾನದ ತೂಕದ ಎರಡು ಪಟ್ಟು ಭಾರ ಬಿದ್ದಾಗಿನದಕ್ಕೆ ಸ್ಥೂಲವಾಗಿ ಸಮ. ಆದುದರಿಂದ 3 ಕಿಲೋಗ್ರಾಂ ವಿಮಾನ 5 ಪಟ್ಟು ಭಾರವನ್ನು ತಾಳುವುದೇ ಎಂದು ತಿಳಿಯಬೇಕಾದರೆ, ಅದರ ಒಡಲಿಗೆ ಇನ್ನೂ ನಾಲ್ಕೂವರೆ ಕಿಲೋಗ್ರಾಂ ತೂಗಿಹಾಕಿ ತುದಿಗಳಲ್ಲಿ ಎತ್ತಿದರೆ ಸಾಕು. ಎತ್ತುವಾಗ ಒಳಗಿಂದ ಬರುವ ಚಿಟಿಲ್ ಎಂಬ ಸದ್ದು, ಹಾಳೆಯ ಮೇಲೆ ಒಂದೇ ಕಡೆ ಏಳುವ ಸುಕ್ಕು, ಎಡಕ್ಕೂ ಬಲಕ್ಕೂ ಬಾಗಿನಲ್ಲಿ ವ್ಯತ್ಯಾಸ, ಇವುಗಳಲ್ಲಿ ಯಾವುದೊಂದು ಕಂಡರೂ ಹಾಳೆಯನ್ನು ಕೊಯ್ದು ಸಂಧಿಯನ್ನು ನೋಡುವುದೇ ವಿಹಿತ.

ಓದುಗರಲ್ಲಿ ಈ ಹವ್ಯಾಸವುಳ್ಳವರು ಹೊಸ ವಿಮಾನವನ್ನು ಮೈದಾನಕ್ಕೆ ಒಯ್ಯುವ ಮುನ್ನ ಒಂದು ಸಂಜೆಯನ್ನು ಅದರ ಸಂಧಿಗಳಿಗೆ ಮೀಸಲಿಡಬೇಕೆಂದು ನನ್ನ ಪ್ರಾರ್ಥನೆ: ಫೈರ್‌ವಾಲಿನ ಒಳಮೂಲೆಗಳಿಗೆ ಮರದ ತ್ರಿಕೋನ ಪಟ್ಟಿಗಳನ್ನಿಟ್ಟು ಎಪಾಕ್ಸಿ ಹಚ್ಚಿರಿ, ಅದರ ಮುಖಕ್ಕೆ ಎಣ್ಣೆ ಇಳಿಯದಂತೆ ಲೇಪ ಕೊಡಿರಿ, ಚಕ್ರದ ದಿಂಡನ್ನು ಮತ್ತೊಮ್ಮೆ ಅಂಟಿಸಿರಿ, ಹಿಂಜುಗಳನ್ನು ಒಂದೊಂದಾಗಿ ಎಳೆದು ನೋಡಿರಿ, ರೆಕ್ಕೆಯನ್ನು ತುದಿಗಳಲ್ಲಿ ಎತ್ತಿ ನೋಡಿರಿ, ಎಳೆಯರಿಗೆ ವಿಮಾನ ಕೊಡಿಸುವ ಹಿರಿಯರು ಈ ಕೆಲಸವನ್ನು ಅವರ ಕೈಯಲ್ಲಿಯೇ ಮಾಡಿಸಿರಿ. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಜನರ ಸಮೀಪ ಹಾರತಕ್ಕ ಮೂರು ಕಿಲೋಗ್ರಾಂ ಭಾರದ ಹೊಣೆ, ಅದನ್ನು ಕಟ್ಟಿ ಮಾರಿದ ದೂರದೇಶದ ಕಾರ್ಖಾನೆಯದಕ್ಕಿಂತ ಹೆಚ್ಚಾಗಿ, ನಿಯಂತ್ರಣವನ್ನು ಕೈಯಲ್ಲಿ ಹಿಡಿದವನದು.